ಹಗಲು ಮಲಗಿಸಿದ ತಪ್ಪಿಗೆ

ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಯಾರ ಮನೆಯ ಮಗು ರಾತ್ರಿ ಮಲಗದಿದ್ದರೂ ಮರುದಿನ ಬೆಳಿಗ್ಗೆ ಆ ತಪ್ಪು ನಡೆದು ಬಂದು ನನ್ನ ತಲೆಯ ಮೇಲೆ ಕೂರುತ್ತಿತ್ತು. ಮಗುವಿಗೆ ಹಲ್ಲು ಬರುತ್ತಿರಲಿ, ಹೊಟ್ಟೆ ನೋಯುತ್ತಿರಲಿ, ಪಕ್ಕದ ಮನೆಯ ರೇಡಿಯೊ ಕೂಗುತ್ತಿರಲಿ, ಅತ್ತೆ ಸೊಸೆ ಪಾತ್ರೆ ಕುಕ್ಕಿ ಜಗಳ ಆಡುತ್ತಿರಲಿ, ಅವು ಯಾವುವೂ ಲೆಕ್ಕಕ್ಕಿಲ್ಲ. ಮಗು ಬಾಲವಾಡಿಗೆ ಹೋಗುತ್ತದೆ, ಬಾಲವಾಡಿಯಲ್ಲಿ ನಾನಿದ್ದೇನೆ, ನಾನು ಮಧ್ಯಾಹ್ನ ಮಲಗಿಸುತ್ತೇನೆ. ವಿಚಾರಣೆ ಅಲ್ಲಿಗೆ ಮುಗಿಯಿತು.

“ಟೀಚರಮ್ಮ, ನಿನ್ನೆ ಹಗಲು ಭಾಳ ಮಲಗಿಸಿಬಿಟ್ಟೀರಿ. ರಾತ್ರಿ ಕಣ್ಣು ಮುಚ್ಚಲಿಲ್ಲ ನೋಡ್ರಿ.”

ಈ ಮಾತನ್ನು ನಾನು ಮೊದಲು ಕೇಳಿದ್ದು ಸಿರುಗುಪ್ಪದಲ್ಲಿ. ಆಮೇಲೆ ಕುರುಗೋಡಿನಲ್ಲಿ ಕೇಳಿದೆ, ಕಡೆಗೆ ಬಳ್ಳಾರಿಯಲ್ಲಿ ಕೇಳಿದೆ. ಊರು ಬದಲಾಯಿತು, ನೀರು ಬದಲಾಯಿತು, ನನ್ನ ತಲೆಗೂದಲಿನ ಬಣ್ಣ ಬದಲಾಯಿತು, ಆ ಮಾತಿನ ಒಂದಕ್ಷರವೂ ಬದಲಾಗಲಿಲ್ಲ. ನನ್ನ ಉತ್ತರವೂ ಬದಲಾಗಲಿಲ್ಲ ಎನ್ನಿ. ನೌಕರಿಗೆ ಸೇರಿದ ಹೊಸತರಲ್ಲಿ ಏನು ಹೇಳಬೇಕೆಂದು ತೋಚದೆ ಬಾಯಿಗೆ ಬಂದದ್ದು ಹೇಳಿದ್ದೆ. ಅದೇ ನಿವೃತ್ತಿಯವರೆಗೂ ಸಾಕಾಯಿತು.

“ಇನ್ನೂ ಸಣ್ಣದು. ದೊಡ್ಡದಾದ ಮ್ಯಾಲ ಎಲ್ಲಾ ಸರಿ ಹೋಗತೈತಿ ಬಿಡ್ರಿ.”

ಈ ನಿದ್ದೆಯ ಮಹತ್ವವನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಉಪ್ಪಿಟ್ಟು ತಿನ್ನಿಸಿ, ಕೈ ಬಾಯಿ ತೊಳೆದು, ಜಮಖಾನ ಹಾಸಿ ಮಕ್ಕಳನ್ನು ಸಾಲಾಗಿ ಮಲಗಿಸಿದರೆ ಸಂಜೆಯವರೆಗೆ ಬಾಲವಾಡಿ ನಡೆಯುತ್ತದೆ. ಮಲಗದಿದ್ದರೆ ಮಧ್ಯಾಹ್ನಕ್ಕೇ ಬಾಗಿಲು ಹಾಕಬೇಕು. ಅಷ್ಟು ಮಕ್ಕಳು ಇಡೀ ದಿನ ಎಚ್ಚರವಿದ್ದರೆ ಸಂಭಾಳಿಸುವ ಶಕ್ತಿ ಸರ್ಕಾರಕ್ಕೇ ಇರಲಿಲ್ಲ, ಇನ್ನು ನನಗೂ ನಮ್ಮ ಆಯಾಗೂ ಎಲ್ಲಿಂದ ಬರಬೇಕು. ಬಾಗಿಲು ಹಾಕಿದರೆ ಕೂಲಿಗೆ ಹೋದ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು? ಹೀಗೆ ಆ ಜಮಖಾನದ ಮೇಲೆ ಬರೀ ಮಕ್ಕಳು ಮಲಗುತ್ತಿರಲಿಲ್ಲ, ಹತ್ತಾರು ಮನೆಗಳ ಕೆಲಸ ಮಲಗಿರುತ್ತಿತ್ತು. ಅದನ್ನು ಎಬ್ಬಿಸದಂತೆ ಕಾಯುವುದೇ ನನ್ನ ಉದ್ಯೋಗ. ನಾವಿಬ್ಬರು ರೊಟ್ಟಿ ತಿನ್ನುತ್ತಿದ್ದುದೂ ಆ ಹೊತ್ತಿನಲ್ಲೇ. ಅದು ಮುಖ್ಯವಲ್ಲ ಅಂದರೆ ಸುಳ್ಳಾಗುತ್ತದೆ.

ಇಬ್ಬರು ತಾಯಂದಿರ ಅಹವಾಲು

ಅರವತ್ತರ ದಶಕ ಮುಗಿಯುವ ಹೊತ್ತು. ನಾನು ತರಬೇತಿ ಮುಗಿಸಿ ಸಿರುಗುಪ್ಪದ ಬಾಲವಾಡಿಗೆ ಹೊಸದಾಗಿ ಬಂದಿದ್ದೆ. ಭತ್ತದ ನಾಟಿ ಶುರುವಾದರೆ ಅಲ್ಲಿಯ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಮಕ್ಕಳನ್ನು ನನ್ನ ಹತ್ತಿರ ಬಿಟ್ಟು, ಪಕ್ಕದ ಕರೂರಿನ ಬಸ್ಸು ಹಿಡಿದು ಗದ್ದೆಗೆ ಹೋಗುತ್ತಿದ್ದರು. ದಿನವಿಡೀ ನೀರಲ್ಲಿ ಬಗ್ಗಿ ನಿಂತು ಬಂದವರಿಗೆ ರಾತ್ರಿ ನಿದ್ದೆ ಬೇಕೋ ಬೇಡವೋ? ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಆದರೆ ಆ ನ್ಯಾಯ ಒಬ್ಬೊಬ್ಬರಿಗೆ ಒಂದೊಂದು ಥರ ಇತ್ತು.

ಒಂದು ದಿನ ಬೆಳಿಗ್ಗೆ ಒಬ್ಬ ತಾಯಿ ಮಗನನ್ನು ಎಳೆದುಕೊಂಡು ಬಂದಳು. “ಟೀಚರಮ್ಮ, ಹಗಲು ಭಾಳ ಮಲಗಿಸಿಬಿಟ್ಟೀರಿ. ರಾತ್ರಿ ಕಣ್ಣು ಮುಚ್ಚಲಿಲ್ಲ ನೋಡ್ರಿ. ಇವತ್ತು ಇವನ್ನ ಮಲಗಿಸಬ್ಯಾಡ್ರಿ.”

ಆಕೆ ಸರಿಯುವ ಮೊದಲೇ ಇನ್ನೊಬ್ಬಳು ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದಳು. “ನಮ್ಮಕಿ ಕತ್ತಲಾಗೋದ್ರಾಗ ಮಕ್ಕೊಂಡುಬಿಡ್ತಾಳ ಟೀಚರಮ್ಮ. ಉಣ್ಣಂಗಿಲ್ಲ, ಏನಿಲ್ಲ. ನಡುರಾತ್ರಿ ಹಸಿವು ಅಂತ ಎದ್ದು ಕುಂದರತಾಳ. ಹಗಲು ಇನ್ನಷ್ಟು ಮಲಗಸ್ರಿ.”

ಪ್ರತಿ ಮಗುವಿನ ಅಗತ್ಯವನ್ನು ಬೇರೆ ಬೇರೆಯಾಗಿ ಗಮನಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಬಾಲವಾಡಿ ನಡೆಸಿದವರಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನಾನು ಗಮನಿಸಿದೆ. ಹುಡುಗನಿಗೆ ನಿದ್ದೆ ಬಾರದಿರಲೆಂದು ಕೈಗೆ ಬೀಸಣಿಗೆ ಕೊಟ್ಟು, ಮಲಗಿದ ಮಕ್ಕಳ ಮೇಲಿನ ನೊಣ ಓಡಿಸಲು ಹಚ್ಚಿದೆ. ಅವನು ಬಹಳ ನಿಷ್ಠೆಯ ಮನುಷ್ಯ. ನೊಣ ಯಾರ ಮೂಗಿನ ಮೇಲೆ ಕೂತರೆ ಆ ಮೂಗಿಗೇ ಬೀಸಣಿಗೆಯಿಂದ ಒಂದು ಬಿಟ್ಟ. ನೊಣಗಳೆಲ್ಲ ಪಾರಾದವು. ಮಕ್ಕಳೆಲ್ಲ ಎದ್ದು ಅತ್ತವು. ಅಷ್ಟು ಗದ್ದಲದಲ್ಲೂ ಎಚ್ಚರವಾಗದೆ ಸಂಜೆಯವರೆಗೆ ಮಲಗಿದವಳು ಆ ಹುಡುಗಿ ಒಬ್ಬಳೇ. ಇಬ್ಬರು ತಾಯಂದಿರು ಕೇಳಿದ್ದೂ ಸಿಕ್ಕಿತು ಎಂದು ನಾನು ಹಿಗ್ಗಿದೆ.

ಮರುದಿನ ಇಬ್ಬರೂ ಜೊತೆಯಾಗಿಯೇ ಬಂದರು. ಹುಡುಗ ಸಂಜೆ ತಾಯಿಯ ಕಂಕುಳಲ್ಲೇ ನಿದ್ದೆ ಹೋಗಿ, ಆಕೆ ಅಡುಗೆ ಮುಗಿಸಿ ಮೈ ಚೆಲ್ಲುವ ಹೊತ್ತಿಗೆ ಸರಿಯಾಗಿ ಎದ್ದು ಬೀಸಣಿಗೆ ಕೇಳಿದ್ದನಂತೆ. ಹುಡುಗಿ ತನ್ನ ಪಾಲಿನದು ಉಂಡು, ಅಪ್ಪನ ಪಾಲಿನದೂ ಉಂಡು, ಬೆಳತನಕ ಕಥೆ ಹೇಳೆಂದು ಅಪ್ಪನ ಮೀಸೆ ಹಿಡಿದು ಜಗ್ಗಿದ್ದಳಂತೆ. ಈಗ ಹುಡುಗನ ತಾಯಿ “ಮಲಗಸ್ರಿ” ಅಂದಳು, ಹುಡುಗಿಯ ತಾಯಿ “ಮಲಗಿಸಬ್ಯಾಡ್ರಿ” ಅಂದಳು.

“ನಿನ್ನೆ ನೀವಿಬ್ಬರೂ ಹೇಳಿದಂಗ ಮಾಡೀನಲ್ರೀ” ಎಂದೆ.

“ನಾವು ಹೇಳಿದ್ವಿ ಅಂತ ಮಾಡಿಬಿಡೋದೇನು?” ಎಂದು ಇಬ್ಬರೂ ಒಟ್ಟಿಗೇ ನನ್ನ ಮೇಲೆ ಏರಿ ಬಂದರು. “ನಮಗೇನು ತಿಳೀತೈತಿ? ಓದಿದೋರು ನೀವು!”

ದೀಪ ಹಚ್ಚೋ ಹೊತ್ತು

ಮದುವೆಯಾದ ಮೇಲೆ ಕುರುಗೋಡಿಗೆ ವರ್ಗವಾಯಿತು. ಅಲ್ಲಿ ಒಂದು ದೊಡ್ಡ ಮನೆಯ ಅಜ್ಜಿ ದಿನಾ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ತಕರಾರು. ಮೊಮ್ಮಗಳು ರಾತ್ರಿ ಮಲಗುವುದಿಲ್ಲ, ಟೀಚರಮ್ಮ ಹಗಲು ಮಲಗಿಸುವುದೇ ಅದಕ್ಕೆ ಕಾರಣ.

ನನಗೂ ಅಷ್ಟರಲ್ಲಿ ಸ್ವಲ್ಪ ಬುದ್ಧಿ ಬಂದಿತ್ತು. “ಅಜ್ಜೀ, ಸಂಜಿಮುಂದ ಮನ್ಯಾಗ ಏನ್ ಮಾಡತಾಳ?” ಎಂದು ಕೇಳಿದೆ.

“ಏನ್ ಮಾಡತಾಳ, ಆಟ ಆಡಿ ಆಡಿ ದೀಪ ಹಚ್ಚೋ ಹೊತ್ತಿಗೆ ಕಣ್ಣು ಎಳೀತಾವ. ಮಲಗಿಬಿಡ್ತಾಳ.”

“ಮತ್ತ ಮಲಗಿದಳಲ್ರಿ.”

“ಹೆಂಗ ಮಲಗಾಕ ಬಿಡ್ಲಿ? ದೀಪ ಹಚ್ಚೋ ಹೊತ್ತಿನ್ಯಾಗ ಮನ್ಯಾಗ ಯಾರರ ಮಲಗಿದ್ರ ಲಕ್ಷ್ಮಿ ಒಳಗ ಬರತಾಳೇನು? ಎಬ್ಬಸ್ತೀನಿ.”

ಎಬ್ಬಿಸುವುದೆಂದರೆ ಸುಮ್ಮನೆ ಎಬ್ಬಿಸುವುದಲ್ಲ. ಮೊದಲು ಅಜ್ಜಿ ಹೆಸರು ಹಿಡಿದು ಕೂಗುತ್ತಾರೆ. ಏಳದಿದ್ದರೆ ಅತ್ತೆಯಂದಿರು ಬಂದು ಅಲುಗಾಡಿಸುತ್ತಾರೆ. ಆಗಲೂ ಏಳದಿದ್ದರೆ ಕಣ್ಣಿಗೆ ತಣ್ಣೀರು. ಆಮೇಲೆ ದೇವರ ಮುಂದೆ ನಿಲ್ಲಿಸಿ, ಕಿವಿಯ ಹತ್ತಿರವೇ ಗಂಟೆ ಬಾರಿಸಿ, ಮಂಗಳಾರತಿ. ಇಷ್ಟಾದ ಮೇಲೂ ಆ ಮಗು ಮಲಗಬೇಕೆಂದರೆ ಅದಕ್ಕೆ ಕಿವಿ ಕೇಳಬಾರದು. ಮಂಗಳಾರತಿ ಮುಗಿದ ಕೂಡಲೇ ಅಜ್ಜಿ ಹಾಸಿಗೆ ತೋರಿಸಿ “ಈಗ ಮಲಗವ್ವ” ಅನ್ನುತ್ತಾರೆ. ಅದು ನೆಗೆಯಲು ಶುರುಮಾಡುತ್ತದೆ. ಮನೆ ಮಂದಿಗೆಲ್ಲ ಜಾಗರಣೆ.

“ಮಲಗಿದಾಕಿನ್ನ ಎಬ್ಬಿಸಿದೋರು ನೀವು ಅಜ್ಜೀ” ಎಂದೆ.

“ಎಬ್ಬಿಸಿದ್ದು ನಾನು ಖರೆ. ಆದ್ರ ಎದ್ದಮ್ಯಾಲ ಮತ್ತ ಮಲಗೋವಷ್ಟು ನಿದ್ದಿ ಮೈಯಾಗ ಉಳಿದಿರಬೇಕೋ ಬ್ಯಾಡೋ? ಅದನ್ನೆಲ್ಲ ನೀವು ಹಗಲೇ ಖಾಲಿ ಮಾಡಿಬಿಡ್ತೀರಿ!”

ನಾನು ಬೇರೆ ಪ್ರಶ್ನೆ ಕೇಳಿದೆ. “ಇರಲಿ ಬಿಡ್ರಿ. ಇಷ್ಟು ದಿನ ಎಬ್ಬಿಸೀರಲ್ಲ, ಲಕ್ಷ್ಮಿ ಬಂದಾಳೇನು?”

ಅಜ್ಜಿ ಮೊಮ್ಮಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟರು. “ಬಂದಿದ್ಲೋ ಏನೋ. ಇದರ ಗಲಾಟಿ ಕೇಳಿ ಅಂಗಳದಿಂದನ ಹೊಳ್ಳಿ ಹೋಗಿರಬೇಕು.”

ಬಯಲಾಟದ ದಿನ

ನಾನು ಮಾಡಿಸುವ ಹಗಲು ನಿದ್ದೆಯ ಮೇಲೆ ಊರಿಗೆ ಪ್ರೀತಿ ಉಕ್ಕಿದ್ದು ಒಂದೇ ಒಂದು ದಿನ. ಅದೂ ಕುರುಗೋಡಿನಲ್ಲೇ. ಅಂದು ಬಯಲಾಟ ಇತ್ತು. ಬಯಲಾಟವೆಂದರೆ ಕತ್ತಲಾದ ಮೇಲೆ ಶುರುವಾಗಿ ಸೂರ್ಯ ಹುಟ್ಟಿದಾಗ ಮುಗಿಯುವ ಬಾಬತ್ತು. ನಡುವೆ ಮಕ್ಕಳು ನಿದ್ದೆಗೆ ಅತ್ತರೆ ತಾಯಂದಿರು ಎದ್ದು ಮನೆಗೆ ಹೋಗಬೇಕು, ರಾಕ್ಷಸ ಸಾಯುವುದು ನೋಡಲು ಸಿಗುವುದಿಲ್ಲ.

ಬೆಳಿಗ್ಗೆಯಿಂದ ಬಂದ ತಾಯಂದಿರೆಲ್ಲ ಒಂದೇ ಬೇಡಿಕೆ ಇಟ್ಟರು. “ಟೀಚರಮ್ಮ, ಇವತ್ತು ಚಲೋತಂಗ ಮಲಗಸ್ರಿ. ಸಂಜೀತನಕ ಎಬ್ಬಿಸಬ್ಯಾಡ್ರಿ. ನಿಮಗ ಪುಣ್ಯ ಬರತೈತಿ.” ಹಿಂದಿನ ದಿನದವರೆಗೆ ಅಪರಾಧವಾಗಿದ್ದದ್ದು ಒಂದೇ ರಾತ್ರಿಯಲ್ಲಿ ಪುಣ್ಯವಾಗಿತ್ತು. ನಾನೂ ಆಯಾನೂ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದೆವು. ಮಕ್ಕಳು ಹೆತ್ತವರ ಮರ್ಯಾದೆ ಕಾಪಾಡುವಂತೆ ಸಂಜೆಯವರೆಗೆ ಮಲಗಿದವು. ನನ್ನ ಇಡೀ ನೌಕರಿಯಲ್ಲಿ ಬಿಸಿ ಚಹಾ ಕುಡಿದದ್ದು ಅಂದು ಮಾತ್ರ.

ಮರುದಿನ ಬೆಳಿಗ್ಗೆ ತಾಯಂದಿರ ಮುಖ ನೋಡುವಂತಿರಲಿಲ್ಲ. ಕಣ್ಣು ಊದಿಕೊಂಡಿವೆ, ತಲೆ ಬಾಚಿಲ್ಲ. “ಆಟ ಹೆಂಗಿತ್ತು?” ಎಂದೆ. ಒಬ್ಬಳು ನಾಚುತ್ತಾ ಹೇಳಿದಳು. ಹಗಲೆಲ್ಲ ಹೊಲದ ಕೆಲಸ ಮಾಡಿದವರು ಚಾಪೆ ಹಾಸಿ ಕೂತಿದ್ದೇ ತಡ, ಗಣಪತಿ ಸ್ತುತಿ ಮುಗಿಯುವುದರೊಳಗೆ ಗಂಡ ಹೆಂಡತಿ ಇಬ್ಬರೂ ಉರುಳಿದ್ದರು. ಅಕ್ಕಪಕ್ಕದ ಚಾಪೆಗಳದೂ ಅದೇ ಕಥೆ. ನೆಟ್ಟಗೆ ಕೂತು ಬೆಳತನಕ ಆಟ ನೋಡಿದವರೆಂದರೆ ನನ್ನ ಬಾಲವಾಡಿಯ ಮಕ್ಕಳು.

“ಕಡೀಗೆ ರಾಕ್ಷಸ ಸತ್ತನೋ ಇಲ್ಲೋ ತಿಳೀವಲ್ದು ಟೀಚರಮ್ಮ” ಎಂದಳಾಕೆ. “ಮಗನ್ನ ಕೇಳಿದ್ರ ಸರಿಯಾಗಿ ಹೇಳವಲ್ಲ. ನೀವರ ಕೇಳ್ರಿ.”

ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪ್ರೀತಿಯಿಂದ ಕೇಳಿದೆ. “ರಾತ್ರಿ ರಾಕ್ಷಸ ಏನ್ ಮಾಡಿದಪ್ಪ?”

“ಪರದಿ ಹಿಂದ ಕುಂತು ಬೀಡಿ ಸೇದಿದ” ಎಂದ ಅವನು. “ಅಪ್ಪನ ಕಿಸೆದಾಗಿಂದು. ನಾನ ಕೊಟ್ಟೆ.”

ಗಸಗಸೆ

ಎಪ್ಪತ್ತರ ದಶಕ ಅರ್ಧ ದಾಟಿದಾಗ ನಾವು ಬಳ್ಳಾರಿಗೆ ಬಂದೆವು. ಬ್ರೂಸ್‌ಪೇಟೆಯ ಹತ್ತಿರ ಒಂದು ಶಿಶುವಿಹಾರದಲ್ಲಿ ನನಗೆ ಕೆಲಸ ಸಿಕ್ಕಿತು. ಅದನ್ನು ನಡೆಸುತ್ತಿದ್ದದ್ದು ಊರ ಹಿರಿಯರ ಒಂದು ಕಮಿಟಿ. ಕಮಿಟಿಯ ಅಧ್ಯಕ್ಷರು ಬ್ರೂಸ್‌ಪೇಟೆಯಲ್ಲಿ ಕಿರಾಣಿ ಸಗಟು ವ್ಯಾಪಾರದ ಸಾಹುಕಾರರು. ನಮ್ಮ ಉಪ್ಪಿಟ್ಟಿಗೆ ಬೇಕಾದ ರವೆ, ಎಣ್ಣೆ, ಮೆಣಸಿನಕಾಯಿ ಬರುತ್ತಿದ್ದದ್ದು ಅವರ ಅಂಗಡಿಯಿಂದಲೇ. ಮೂರು ವರ್ಷದ ಅವರ ಮೊಮ್ಮಗನೂ ನಮ್ಮಲ್ಲಿಗೇ ಬರುತ್ತಿದ್ದ. ಉಳಿದವರು ಹೆಚ್ಚಾಗಿ ಹತ್ತಿ ಮಿಲ್ಲಿಗೆ ಹೋಗುವ ಹೆಂಗಸರ ಮಕ್ಕಳು.

ಒಂದು ದಿನ ಸಾಹುಕಾರರು ಬೆಳಿಗ್ಗೆಯೇ ದಯಮಾಡಿಸಿದರು. ಬಿಳಿ ಮೀಸೆ, ಬಿಳಿ ಧೋತರ, ಕೆಂಪು ಕಣ್ಣು.

“ಟೀಚರಮ್ಮ, ನಮ್ಮ ಮೊಮ್ಮಗನ್ನ ಹಗಲು ಭಾಳ ಮಲಗಿಸಿಬಿಡ್ತೀರಿ. ರಾತ್ರಿ ಕಣ್ಣು ಮುಚ್ಚಂಗಿಲ್ಲ.”

“ಇನ್ನೂ ಸಣ್ಣದು, ಸಾಹುಕಾರ್ರ. ದೊಡ್ಡದಾದ ಮ್ಯಾಲ ಎಲ್ಲಾ ಸರಿ…”

“ಅದು ಬಿಡ್ರಿ. ಮನ್ಯಾಗ ಆರು ಮಂದಿ ಕೂಡಿ ತೂಗಿದ್ರೂ ಮಲಗದ ಹುಡುಗ ನಿಮ್ಮಲ್ಲಿ ಹೆಂಗ ಮಲಗತಾನ? ಏನ್ ಹಾಕ್ತೀರಿ ಉಪ್ಪಿಟ್ಟಿನ್ಯಾಗ?”

ನನಗೆ ಅರ್ಥವಾಗಲಿಲ್ಲ. ಅವರು ಸ್ವರ ತಗ್ಗಿಸಿದರು. “ಗಸಗಸಿ ಹಾಕ್ತೀರಂತ ಪ್ಯಾಟಿತುಂಬ ಸುದ್ದಿ ಐತಿ.”

ಗಸಗಸೆ ಪಾಯಸ ಉಂಡವರು ಮದುವೆ ಮನೆಯ ಮೂಲೆಯಲ್ಲಿ ಹೇಗೆ ಬಿದ್ದಿರುತ್ತಾರೆಂದು ಎಲ್ಲರಿಗೂ ಗೊತ್ತು. ಹಾಗೆ ನಾನು ಮಕ್ಕಳನ್ನು ಬೀಳಿಸುತ್ತೇನೆ ಎಂದು ಅವರ ಆರೋಪ. ನನಗೆ ಮೈಯೆಲ್ಲ ಉರಿಯಿತು. ಆದರೂ ನಗುತ್ತಲೇ ಹೇಳಿದೆ.

“ಗಸಗಸಿ ಬಂದ್ರ ನಿಮ್ಮ ಅಂಗಡಿಯಿಂದನ ಬರಬೇಕಲ್ರಿ. ಉಪ್ಪಿಟ್ಟಿನ ಒಗ್ಗರಣಿಗೆ ಒಂದಿಷ್ಟು ಸಾಸಿವಿ ಕಳಸ್ರಿ ಅಂತ ದಸರಾದಿಂದ ಕೇಳಾಕ ಹತ್ತೀನಿ. ಅದಾ ಇನ್ನೂ ಬಂದಿಲ್ಲ.”

ಎಚ್ಚರದ ವಾರ

ಸಾಸಿವೆ ಆ ದಿನ ಮಧ್ಯಾಹ್ನವೇ ಬಂತು. ಅದರ ಜೊತೆಗೆ ಒಂದು ಆಜ್ಞೆಯೂ ಬಂತು. ಒಂದು ವಾರ ಯಾವ ಮಗುವನ್ನೂ ಹಗಲು ಮಲಗಿಸಕೂಡದು. ಅಷ್ಟಾದರೂ ಮೊಮ್ಮಗ ರಾತ್ರಿ ಮಲಗದಿದ್ದರೆ ಶಿಶುವಿಹಾರವನ್ನು ಮಧ್ಯಾಹ್ನಕ್ಕೇ ಮುಚ್ಚುವುದು. ಮಲಗಿಸದಿದ್ದರೂ ಮಗು ಮಲಗದಿದ್ದರೆ ಮಲಗಿಸಿದ್ದೇ ತಪ್ಪೆಂದು ಹೇಗೆ ಸಿದ್ಧವಾಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಅಧ್ಯಕ್ಷರಾದವರಿಗೆ ತಿಳಿಯುತ್ತಿರಬೇಕು.

ಬೇಸಿಗೆಯ ಬಳ್ಳಾರಿಯಲ್ಲಿ, ಮಧ್ಯಾಹ್ನದ ಹೊತ್ತು, ಹೊಟ್ಟೆ ತುಂಬಿದ ಮಕ್ಕಳನ್ನು ಎಚ್ಚರವಾಗಿಡುವ ಭಾಗ್ಯ ನನ್ನ ಶತ್ರುಗಳಿಗೂ ಬೇಡ. ಮೊದಲ ದಿನವೇ ಒಬ್ಬ ಹುಡುಗ ಉಪ್ಪಿಟ್ಟಿನ ತಟ್ಟೆಯಲ್ಲಿ ಮುಖವಿಟ್ಟು ಮಲಗಿದ. ಎತ್ತಿದರೆ ಹಣೆಯ ಮೇಲೆಲ್ಲ ಸಾಸಿವೆ. ಒಬ್ಬ ಹುಡುಗಿ ಪ್ರಾರ್ಥನೆಗೆ ಕೈ ಮುಗಿದು ನಿಂತವಳು ನಿಂತಲ್ಲೇ ಗೊರಕೆ ಹೊಡೆದಳು. ನಾವು ಭಕ್ತಿ ಎಂದುಕೊಂಡಿದ್ದೆವು. ಮಕ್ಕಳು ಮಲಗದಿರಲೆಂದು ನಮ್ಮ ಆಯಾ ಚಪ್ಪಾಳೆ ತಟ್ಟಿ ಪದ ಹಾಡಲು ಶುರುಮಾಡಿದಳು. ಎರಡನೇ ಪದಕ್ಕೆ ಚಪ್ಪಾಳೆ ನಿಂತಿತು. ನೋಡಿದರೆ ಆಯಾನೇ ಗೋಡೆಗೆ ಒರಗಿ ಮಲಗಿದ್ದಳು, ಮಕ್ಕಳು ಅವಳ ಸೆರಗು ಹಿಡಿದು ಜಗ್ಗುತ್ತಿದ್ದವು.

ಮಿಲ್ಲಿಗೆ ಹೋಗುವ ತಾಯಂದಿರಿಗೆ ಸುದ್ದಿ ಮುಟ್ಟಿತು. ಅವರಲ್ಲೊಬ್ಬಳು ಸಂಜೆ ಮಗಳನ್ನು ಎತ್ತಿಕೊಂಡವಳು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ತಲೆಯ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಎಳೆಗಳು.

“ಮಧ್ಯಾಹ್ನಕ್ಕ ಬಾಗಿಲು ಹಾಕ್ತಾರಂತ ಖರೇನೇನ್ರಿ? ನಾ ಈಕಿನ್ನ ಎಲ್ಲಿ ಬಿಡ್ಲಿ? ಮಿಲ್ಲಿಗೆ ಒಯ್ದು ಹತ್ತಿ ಮ್ಯಾಲ ಮಲಗಿಸಿದ್ರ ಉಸುರು ಕಟ್ಟಿ ಕೆಮ್ಮತೈತಿ. ನಾ ಕೆಲಸಾನ ಬಿಡಬೇಕಾಗತೈತಿ ಟೀಚರಮ್ಮ.”

ಆಗ ಮಾತ್ರ ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ದುಃಖವೂ ಆಯಿತು. ಏನೂ ಆಗುವುದಿಲ್ಲವೆಂದು ಹೇಳಿ ಕಳಿಸಿದೆ. ಹಾಗೆ ಹೇಳಲು ನನಗೆ ಯಾವ ಆಧಾರವೂ ಇರಲಿಲ್ಲ.

ಸಾಹುಕಾರರ ಸೊಸೆ ಮಗುವನ್ನು ಕರೆದೊಯ್ಯಲು ಬಂದಾಗ ಕೇಳಿದೆ. “ಹಗಲು ಮಲಗಿಸಿಲ್ಲ. ರಾತ್ರಿ ಮಲಗತಾನೇನವ್ವ?”

“ಉಂಡ ಕೂಡ್ಲೇ ಮಲಗತಾನ್ರಿ.”

“ಮತ್ತಿನ್ನೇನು!”

“ಆದ್ರ ಆಮ್ಯಾಲ ಎದ್ದಿರತಾನ.”

“ತಾನಾಗೇ ಏಳತಾನೋ?”

ಆಕೆ ಹಿಂದೆ ಮುಂದೆ ನೋಡಿದಳು. ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ನಾ ಸೊಸಿ ಅದೀನಿ ಟೀಚರಮ್ಮ. ನನ್ನ ಬಾಯಿಂದ ಯಾಕ ಹೇಳಸ್ತೀರಿ? ನಮ್ಮ ಅತ್ತಿಯವರನ್ನ ಕೇಳ್ರಿ” ಎಂದವಳು, ನಾನು ಮುಂದೆ ಕೇಳುವಷ್ಟರಲ್ಲಿ ರಿಕ್ಷಾ ಹತ್ತಿದ್ದಳು.

ಬ್ರೂಸ್‌ಪೇಟೆಯ ಜಮಖಾನ

ವಾರ ಮುಗಿಯುತ್ತ ಬಂತು. ಮೊಮ್ಮಗ ರಾತ್ರಿ ಏಳುತ್ತಲೇ ಇದ್ದ. ಶಿಶುವಿಹಾರದ ಭವಿಷ್ಯ ತೀರ್ಮಾನಿಸಲು ಶನಿವಾರ ಸಭೆ ಎಂದಾಯಿತು. ಒಮ್ಮೆ ಖುದ್ದಾಗಿ ಬೇಡಿಕೊಂಡು ನೋಡೋಣವೆಂದು ಹಿಂದಿನ ದಿನ ಮಧ್ಯಾಹ್ನ ನಾನು ಅಧ್ಯಕ್ಷರ ಅಂಗಡಿಗೆ ಹೋದೆ. ಮಕ್ಕಳನ್ನು ಎಚ್ಚರವಾಗಿಡಲು ಆಯಾಳನ್ನೂ, ಆಯಾಳನ್ನು ಎಚ್ಚರವಾಗಿಡಲು ನನ್ನ ಅತ್ತೆಯವರನ್ನೂ ಕೂರಿಸಿ ಹೋಗಿದ್ದೆ.

ಬೆಳಿಗ್ಗೆ ಕಾಲಿಡಲು ಜಾಗ ಇಲ್ಲದ ಬ್ರೂಸ್‌ಪೇಟೆಯ ಓಣಿ ಆ ಹೊತ್ತಿನಲ್ಲಿ ನಿಶ್ಶಬ್ದ. ಒಂದೊಂದೇ ಅಂಗಡಿ ನೋಡುತ್ತಾ ನಡೆದೆ. ಬೇಳೆ ವ್ಯಾಪಾರದ ಸಾಹುಕಾರರು ಗಾದಿಯ ಮೇಲೆ ಬಲಮಗ್ಗುಲಾಗಿ ಮಲಗಿದ್ದರು. ಬೆಲ್ಲದ ಸಾಹುಕಾರರು ಎಡಮಗ್ಗುಲಾಗಿ ಮಲಗಿದ್ದರು. ಎಣ್ಣೆ ಅಂಗಡಿಯವರು ಬಾಯಿ ತೆರೆದು ಅಂಗಾತ ಮಲಗಿದ್ದರು. ನಮ್ಮ ಅಧ್ಯಕ್ಷರು ಲೋಡನ್ನು ಎರಡು ಕೈಯಿಂದ ಅಪ್ಪಿಕೊಂಡು, ಮೊಣಕಾಲು ಮಡಚಿ ಮಲಗಿದ್ದರು. ಥೇಟ್ ಅವರ ಮೊಮ್ಮಗನ ಭಂಗಿ. ಗುಮಾಸ್ತ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದ.

ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. “ಮೆಲ್ಲಕ ಮಾತಾಡ್ರಿ. ಈಗರ ಕಣ್ಣು ಹತ್ಯಾವ.”

“ದಿನಾ ಮಲಗತಾರೇನು?”

“ದಿನಾ. ಉಂಡು ಬಂದೋರು ಬಿಸಿಲು ಇಳಿಯೋತನಕ ಏಳಂಗಿಲ್ಲ. ನಡುವ ಎಬ್ಬಿಸಿದ್ರ ಭಾಳ ಹಟ ಮಾಡತಾರ.”

ಕಾದೆ. ಬಿಸಿಲು ಇಳಿದ ಮೇಲೆ ಸಾಹುಕಾರರು ಎದ್ದು ಕೂತರು. ಮುಖ ಸಿಂಡರಿಸಿ, ಗುಮಾಸ್ತನಿಗೆ ಎರಡು ಬೈದು, ಚಹಾ ಬಂದ ಮೇಲೆ ಸಮಾಧಾನವಾದರು. ಆಮೇಲೆ ನನ್ನನ್ನು ಕಂಡರು.

“ನಾ ಮಲಗಿದ್ದಿಲ್ಲ” ಎಂದರು, ನಾನು ಕೇಳುವ ಮೊದಲೇ. “ಕಣ್ಣು ಮುಚ್ಚಿ ನಿಮ್ಮ ಶಿಶುವಿಹಾರದ ವಿಚಾರನ ಮಾಡಾಕ ಹತ್ತಿದ್ದೆ.”

ಹೊಸದಾಗಿ ಸೇರಿದವರು

ಶನಿವಾರದ ಸಭೆಗೆ ಕಮಿಟಿಯ ಹಿರಿಯರೆಲ್ಲ ಬಂದರು. ಅಧ್ಯಕ್ಷರ ಹೆಂಡತಿಯೂ ಬಂದರು. ಅವರು ಕಮಿಟಿಯ ಮಹಿಳಾ ಸದಸ್ಯರು. ಅಷ್ಟು ವರ್ಷ ಪ್ರತಿ ಸಭೆಗೂ ಬಂದು ಚಹಾ ಕುಡಿದು ಹೋದವರೇ ಹೊರತು ಒಂದು ಮಾತು ಆಡಿದವರಲ್ಲ. ಸಭೆಗೆ ಮೊದಲು ನಾನು ಅವರ ಹತ್ತಿರ ಹೋಗಿ ಕೂತು, ಮಿಲ್ಲಿನ ತಾಯಿಯ ಮಾತು ಹೇಳಿದೆ. ಸೊಸೆ ನಿಮ್ಮನ್ನು ಕೇಳೆಂದಳು ಎಂದೂ ಹೇಳಿದೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಅಧ್ಯಕ್ಷರು ಎದ್ದು ನಿಂತರು. “ಹಗಲು ಮಲಗೋದು ಕೆಟ್ಟ ಚಟ. ಹಗಲು ಮಲಗಿದೋರು ರಾತ್ರಿ ತಾವೂ ಮಲಗಂಗಿಲ್ಲ, ಮನೀ ಮಂದೀನ್ನೂ ಮಲಗಾಕ ಬಿಡಂಗಿಲ್ಲ.”

“ಈ ಮಾತು ಖರೆ ಐತಿ” ಎಂದರು ಅವರ ಹೆಂಡತಿ.

ಸಭೆ ಬೆಚ್ಚಿಬಿದ್ದಿತು. ಅಧ್ಯಕ್ಷರು ಮಾತ್ರ ಬೆಂಬಲ ಸಿಕ್ಕಿತೆಂದು ಹಿಗ್ಗಿದರು. ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ.

“ಕೂಸು ಉಂಡು ಎಂಟಕ್ಕ ಮಲಗತೈತಿ” ಎಂದು ಆ ಅಮ್ಮ ಸಭೆಗೆ ಹೇಳಿದರು. “ಇವರು ಅಂಗಡಿ ಮುಚ್ಚಿ ಬರೋದು ಹತ್ತಕ್ಕ. ಮಧ್ಯಾಹ್ನೆಲ್ಲ ಗಾದಿ ಮ್ಯಾಲ ಮಲಗಿ ಬಂದಿರತಾರ, ಇವರಿಗೆಲ್ಲಿ ನಿದ್ದಿ? ಸೀದಾ ಹಾಸಿಗಿ ಹತ್ರ ಹೋಗಿ ‘ಬಂಗಾರಾ, ಮಲಗೀಯೇನೋ?’ ಅಂತ ಕೇಳತಾರ. ಅದು ಇಲ್ಲ ಅನ್ನೋತನಕ ಅಲುಗಾಡಸ್ತಾರ. ಎದ್ದಮ್ಯಾಲ ಬಾಯಿಗೆ ಪೇಡೆ. ಆಮ್ಯಾಲ ಇವರು ಕುದುರಿ, ಅದು ಸವಾರ. ಪಡಸಾಲಿ ತುಂಬ ಓಡಾಟ. ಕುದುರಿಗೆ ಸುಸ್ತಾದ ಮ್ಯಾಲ ಕೂಸನ್ನ ಸೊಸಿ ಕೈಗೆ ಕೊಟ್ಟು, ‘ಇದು ಮಲಗವಲ್ದು, ಆ ಟೀಚರ್ ಹಗಲು ಮಲಗಿಸಿಬಿಟ್ಟಾಳ’ ಅಂತ ಹೇಳಿ ತಾವು ಮಲಗತಾರ.”

ಬೇಳೆ ಸಾಹುಕಾರರು ಕೆಮ್ಮುವ ನೆಪದಲ್ಲಿ ಶಲ್ಯವನ್ನು ಬಾಯಿಗೆ ತುರುಕಿಕೊಂಡರು. ನಾನು ನೆಲ ನೋಡಿದೆ. ಅಧ್ಯಕ್ಷರ ಮುಖ ಕೆಂಪಾಯಿತು.

“ಹಗಲು ಎಚ್ಚರ ಇರೋದು ನನಗೇನು ದೊಡ್ಡ ಕೆಲಸ ಅಲ್ಲ” ಎಂದು ಗುಡುಗಿದರು. “ಸೋಮವಾರ ಮಧ್ಯಾಹ್ನ ಇಲ್ಲೇ ಬಂದು ಕುಂದರತೀನಿ. ನನ್ನ ಕಣ್ಣು ಮುಚ್ಚಲಿಲ್ಲಂದ್ರ ಮಕ್ಕಳಿಗೂ ನಿದ್ದಿ ಬ್ಯಾಡ, ಬಾಗಿಲು ಹಾಕೋಣು. ಮುಚ್ಚಿದ್ರ ಆ ಮಾತು ಮತ್ತ ಎತ್ತಂಗಿಲ್ಲ.”

ಹೀಗೆ ಮಿಲ್ಲಿನ ತಾಯಂದಿರ ಕೆಲಸ ಸಾಹುಕಾರರ ರೆಪ್ಪೆಯ ಮೇಲೆ ಬಂದು ನಿಂತಿತು. ಎರಡು ದಿನ ನನಗೇ ಸರಿಯಾಗಿ ನಿದ್ದೆ ಬರಲಿಲ್ಲ.

ಸೋಮವಾರ ಅವರು ಬಂದರು. ಅಂದು ಮಕ್ಕಳನ್ನು ಮಲಗಿಸಲು ಅಪ್ಪಣೆ ಇತ್ತು. ಅವರು ಊಟ ಮಾಡಿ ಬಂದಿದ್ದರು. ಏನು ಊಟ ಎಂದು ಅವರ ಹೆಂಡತಿ ಆಮೇಲೆ ನನಗೆ ಹೇಳಿದರು: ಹೋಳಿಗೆ, ತುಪ್ಪ, ಮೇಲೆ ಗಸಗಸೆ ಪಾಯಸ.

ಮೊದಲು ಕುರ್ಚಿಯ ಮೇಲೆ ಸೆಟೆದು ಕೂತು ನಮ್ಮಿಬ್ಬರನ್ನೂ ಪೊಲೀಸರಂತೆ ನೋಡಿದರು. ಹೊರಗೆ ಬೇವಿನ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಆಯಾ ಸಾಹುಕಾರರ ಮೊಮ್ಮಗನ ಪಕ್ಕ ಕೂತು ಬೆನ್ನು ತಟ್ಟತೊಡಗಿದಳು. ಒಂದೇ ಹದ, ಒಂದೇ ಲಯ. ಸಾಹುಕಾರರು ಆಕಳಿಸಿದರು. “ಕುರ್ಚಿ ಸರಿಯಿಲ್ಲ, ಬೆನ್ನು ನೋಯಿಸತೈತಿ” ಎಂದು ಜಮಖಾನಕ್ಕೆ ಇಳಿದರು. ಆಮೇಲೆ ಗೋಡೆಗೆ ಒರಗಿದರು. ಆಮೇಲೆ “ಹುಡುಗ ಉಸುರಾಡ್ತಾನೋ ಇಲ್ಲೋ ನೋಡತೀನಿ” ಎಂದು ಮೊಮ್ಮಗನ ಪಕ್ಕಕ್ಕೆ ಬಾಗಿದರು. ಬಾಗಿದವರು ಮತ್ತೆ ಏಳಲಿಲ್ಲ.

ಮೊಮ್ಮಗ ನಿದ್ದೆಯಲ್ಲಿ ಆಚೆ ಹೊರಳಿದ. ಆಯಾಳ ಕೈಗೆ ಅದು ತಿಳಿಯಲೇ ಇಲ್ಲ. ಅದು ತನ್ನ ಪಾಡಿಗೆ ಸಾಹುಕಾರರ ಬೆನ್ನು ತಟ್ಟುತ್ತಾ ಹೋಯಿತು. ನಾನು ಸನ್ನೆ ಮಾಡಿದೆ. ಅವಳು ನೋಡಿ, ನಾಲಿಗೆ ಕಚ್ಚಿಕೊಂಡು, ನಿಲ್ಲಿಸದೆ ಇನ್ನೂ ಮೆತ್ತಗೆ ತಟ್ಟಿದಳು. ಗೊರಕೆ ಶುರುವಾಯಿತು. ನಾವಿಬ್ಬರೂ ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಆಮೇಲೆ ತಿಂದಿಲ್ಲ.

ಮಕ್ಕಳೇ ಮೊದಲು ಎದ್ದವು. ಸುತ್ತ ಕೂತು ಕುತೂಹಲದಿಂದ ನೋಡಿದವು. ಒಬ್ಬ ಹುಡುಗಿ ಮೀಸೆ ಮುಟ್ಟಲು ಹೋದರೆ ಮೊಮ್ಮಗ ತಡೆದ. “ಏಯ್, ತಾತ ಮಲಗ್ಯಾನ. ಎಬ್ಬಿಸಿದ್ರ ಹಟ ಮಾಡತಾನ!” ಅಷ್ಟರಲ್ಲಿ ಮಿಲ್ಲು ಬಿಟ್ಟು ತಾಯಂದಿರು ಬಂದರು. ಹತ್ತಿ ಮೆತ್ತಿದ ತಲೆಗಳು ಬಾಗಿಲಲ್ಲಿ ಒಂದರ ಹಿಂದೊಂದು ಇಣುಕಿದವು. ಕೆಲಸ ಬಿಡಬೇಕಾಗುತ್ತದೆಂದು ಕಂಗಾಲಾಗಿದ್ದ ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಕ್ಕಳು. ಆ ನಗುವಿಗೇ ಸಾಹುಕಾರರಿಗೆ ಎಚ್ಚರವಾಯಿತು. ಎದ್ದು ಕೂತರು. ಒಂದು ಕೆನ್ನೆಯ ಮೇಲೆ ಜಮಖಾನದ ಗೆರೆಗಳು ಅಚ್ಚಾಗಿದ್ದವು.

“ನಾ ಮಲಗಿದ್ದಿಲ್ಲ” ಎಂದರು.

“ಇಲ್ರಿ” ಎಂದು ನಾನು ಚಹಾ ಕೊಟ್ಟೆ. ಹಟ ಮಾಡದೆ ಕುಡಿದರು. ಬಾಗಿಲು ಮುಚ್ಚುವ ಮಾತು ಅಂದಿಗೆ ಮುಗಿಯಿತು. ನಾನು ಅಲ್ಲಿ ಇರುವವರೆಗೂ ಯಾರೂ ಅದನ್ನು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಬಿಡಲು ಅಧ್ಯಕ್ಷರ ಹೆಂಡತಿಯೇ ಬಂದರು. ಹಿಂದೆ ಅಧ್ಯಕ್ಷರು ತಲೆ ತಗ್ಗಿಸಿ ನಿಂತಿದ್ದರು. ಆ ಅಮ್ಮನ ಕಣ್ಣು ಊದಿಕೊಂಡಿದ್ದವು. ಸೊಂಟದ ಮೇಲೆ ಕೈಯಿಟ್ಟು, ಊರ ತಾಯಂದಿರೆಲ್ಲ ನಿಲ್ಲುವ ಹಾಗೆಯೇ ನನ್ನ ಮುಂದೆ ನಿಂತರು.

“ಟೀಚರಮ್ಮ, ನಿನ್ನೆ ಇವರನ್ನ ಹಗಲು ಭಾಳ ಮಲಗಿಸಿಬಿಟ್ಟೀರಿ. ರಾತ್ರಿ ಕಣ್ಣು ಮುಚ್ಚಲಿಲ್ಲ ನೋಡ್ರಿ.”

ನಾನು ಸಾಹುಕಾರರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದೆ. ಆ ಬಿಳಿ ಮೀಸೆಯನ್ನೂ ನೋಡಿದೆ. ಅಭ್ಯಾಸಬಲ, ಬೇರೆ ಉತ್ತರ ನನಗೆ ಬರುತ್ತಿರಲಿಲ್ಲ.

“ಇನ್ನೂ ಸಣ್ಣವರು. ದೊಡ್ಡವರಾದ ಮ್ಯಾಲ ಎಲ್ಲಾ ಸರಿ ಹೋಗತೈತಿ ಬಿಡ್ರಿ.”